ಹನ್ನೆರಡು ಸೈನಿಕರು ಮುಗಿದರು, ಕೆಂಪು ಖಾಲಿಯಾಯಿತು: ಬೇರೆ ಬ್ರ್ಯಾಂಡಿನ ಬಣ್ಣ ಹೊಂದಿಸುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದವನು. ಎರಡು ವರ್ಷದಿಂದ 28 ಮಿ.ಮೀ. ಮಿನಿಯೇಚರ್‌ಗಳಿಗೆ, ಅಂದರೆ ಪುಟ್ಟ ಗೊಂಬೆಗಳಿಗೆ, ಬಣ್ಣ ಹಚ್ಚುತ್ತಿದ್ದೇನೆ. ಇಪ್ಪತ್ತು ಸೈನಿಕರ ಒಂದು ದಳ ಶುರು ಮಾಡಿದ್ದೆ. ಹನ್ನೆರಡು ಮುಗಿಯುವ ಹೊತ್ತಿಗೆ ಸಿಟಡೆಲ್ ಬ್ರ್ಯಾಂಡಿನ ಮೆಫಿಸ್ಟನ್ ರೆಡ್ ಎಂಬ ಕೆಂಪು ಖಾಲಿಯಾಯಿತು. ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಒಂದೇ ಡಬ್ಬಿ ತರಿಸಿದರೆ ಸಾಗಣೆಗೇ ಜಾಸ್ತಿ ದುಡ್ಡು ಹೋಗುತ್ತದೆ. ಒಂದು ಹೋಲಿಕೆ ಪಟ್ಟಿ ನೋಡಿ ಬೇರೆ ಬ್ರ್ಯಾಂಡಿನ ಕೆಂಪು ತಂದೆ. ಬಾಟಲಿಯಲ್ಲಿ ಥೇಟ್ ಅದೇ ಬಣ್ಣ. ಆದರೆ ಕಪ್ಪು ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಮೇಲೆ ಎರಡು ಪದರ ಹಚ್ಚಿದರೂ ಕೆಳಗಿನ ಕಪ್ಪು ಇಣುಕುತ್ತದೆ. ಒಣಗಿದ ಮೇಲೆ ಕಿತ್ತಳೆ ಕಡೆಗೆ ವಾಲುತ್ತದೆ, ಜೊತೆಗೆ ಹೊಳೆಯುತ್ತದೆ. ತಗ್ಗುಗಳಲ್ಲಿ ನೆರಳು ಮೂಡಿಸುವ ತೆಳು ಕಪ್ಪು, ನುಲ್ನ್ ಆಯಿಲ್ ಕೂಡ ತಳ ಕಂಡಿದೆ. ಅದರ ಬದಲಿಗೆ ಕಪ್ಪು ಬಣ್ಣಕ್ಕೆ ನೀರು ಬೆರೆಸಿ ಹಾಕಿದೆ, ಒಂದು ಗೊಂಬೆ ಪೂರ್ತಿ ಕಲೆ ಕಲೆಯಾಯಿತು. ಪಟ್ಟಿ ತಪ್ಪಾ, ಬಣ್ಣ ಕಳಪೆಯಾ, ನನ್ನ ಕೈಯೇ ಸರಿಯಿಲ್ಲವಾ? ಉಳಿದ ಎಂಟನ್ನು ಹೇಗೆ ಮುಗಿಸಲಿ? ನಮ್ಮಲ್ಲೇ ಸಿಗುವ ಕ್ಯಾಮೆಲ್, ಫೆವಿಕ್ರಿಲ್ ನಡೆಯುತ್ತವಾ?

ಉತ್ತರ: ನಿಮ್ಮ ಕೈ ಸರಿಯಾಗಿಯೇ ಇದೆ. ಇಪ್ಪತ್ತರಲ್ಲಿ ಹನ್ನೆರಡು ಮುಗಿಸಿದವರ ಕೈ ಪಳಗಿರುತ್ತದೆ. ಬಣ್ಣವೂ ಕಳಪೆ ಇರಲಿಕ್ಕಿಲ್ಲ. ಪಟ್ಟಿಯೂ ಸುಳ್ಳು ಹೇಳಿಲ್ಲ. ಎರಡು ಕೆಂಪುಗಳು ನೋಡಲು ಹತ್ತಿರ ಇವೆಯಾ ಅನ್ನುವುದಷ್ಟೇ ಆ ಪಟ್ಟಿಗೆ ಗೊತ್ತು. ಆ ಎರಡು ಕೆಂಪುಗಳು ನಿಮ್ಮ ಕಪ್ಪು ಪ್ರೈಮರ್ ಮೇಲೆ ಒಂದೇ ಥರ ಕೆಲಸ ಮಾಡುತ್ತವಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಿಮಗೆ ಬೇಕಾಗಿದ್ದು ಎರಡನೆಯದು.

ಒಂದು ಡಬ್ಬಿ ಬಣ್ಣ ಗೊಂಬೆಯ ಮೇಲೆ ನಾಲ್ಕು ಕೆಲಸ ಮಾಡುತ್ತದೆ. ಬಣ್ಣ ತೋರಿಸುತ್ತದೆ, ಕೆಳಗಿನದನ್ನು ಮುಚ್ಚುತ್ತದೆ, ತನ್ನದೇ ಒಂದು ಹೊಳಪು ಇಟ್ಟುಕೊಂಡಿರುತ್ತದೆ, ಬ್ರಷ್‌ನಿಂದ ತನ್ನದೇ ರೀತಿಯಲ್ಲಿ ಹರಿಯುತ್ತದೆ. ಬದಲಿ ಹುಡುಕುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಖಾಲಿಯಾದ ಡಬ್ಬಿ ನನಗೆ ಯಾವ ಕೆಲಸ ಮಾಡಿಕೊಡುತ್ತಿತ್ತು? ನಿಮ್ಮ ವಿಷಯದಲ್ಲಿ ಉತ್ತರ ಸ್ಪಷ್ಟ. ಮೆಫಿಸ್ಟನ್ ರೆಡ್ ಸಿಟಡೆಲ್‌ನ ಬೇಸ್ ಸಾಲಿನ ಬಣ್ಣ. ಕಪ್ಪನ್ನು ಬೇಗ ಮುಚ್ಚಬೇಕು ಅನ್ನುವ ಉದ್ದೇಶಕ್ಕೇ ಆ ಸಾಲನ್ನು ಮಾಡಿದ್ದಾರೆ. 2012ರಲ್ಲಿ ಆ ಕಂಪನಿ ತನ್ನ ಬಣ್ಣಗಳನ್ನೆಲ್ಲ ಹೊಸದಾಗಿ ಜೋಡಿಸಿ ಬೇಸ್, ಲೇಯರ್, ಶೇಡ್, ಡ್ರೈ ಎಂದು ಕೆಲಸದ ಪ್ರಕಾರ ಹೆಸರಿಟ್ಟಿತು. ಬೇಸ್ ಮುಚ್ಚುವುದಕ್ಕೆ, ಲೇಯರ್ ಅದರ ಮೇಲೆ ತೆಳುವಾಗಿ ಏರಿಸುವುದಕ್ಕೆ. ನೀವು ತಂದ ಕೆಂಪು ಬೇರೆ ಕಂಪನಿಯ ಲೇಯರ್ ಥರದ ಬಣ್ಣ ಅಂತ ನನ್ನ ಅಂದಾಜು. ನೋಟ ಹತ್ತಿರ, ಕೆಲಸ ಬೇರೆ.

ಕೆಂಪು ಯಾಕೆ ಇಷ್ಟು ಸತಾಯಿಸುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ತಿಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಅಕ್ರಿಲಿಕ್ ಬಣ್ಣ ಅಂದರೆ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಮತ್ತು ನೀರು. ಪುಡಿಯನ್ನು ಪಿಗ್ಮೆಂಟ್ ಅನ್ನುತ್ತೇವೆ, ಅಂಟನ್ನು ಬೈಂಡರ್. ಒಂದು ಗಾಜಿನ ಚೂರನ್ನು ನೀರಿನಲ್ಲಿ ಮುಳುಗಿಸಿದರೆ ಸರಿಯಾಗಿ ಕಾಣುವುದಿಲ್ಲ, ಅಲ್ವಾ? ಗಾಜು ಮತ್ತು ನೀರು ಬೆಳಕನ್ನು ಬಾಗಿಸುವ ಅಳತೆ ಹತ್ತಿರ ಹತ್ತಿರ ಇರುವುದೇ ಅದಕ್ಕೆ ಕಾರಣ. ಪಿಗ್ಮೆಂಟ್ ಮತ್ತು ಅಂಟಿನ ನಡುವೆಯೂ ಇದೇ ಲೆಕ್ಕ. ಅಕ್ರಿಲಿಕ್ ಅಂಟಿನ ಆ ಅಳತೆ ಸುಮಾರು 1.5. ಟೈಟಾನಿಯಂ ವೈಟ್‌ನದು ಸುಮಾರು 2.7. ಅಂತರ ದೊಡ್ಡದು, ಹಾಗಾಗಿ ಬಿಳಿ ಪುಡಿ ಬೆಳಕನ್ನು ಚದುರಿಸಿ ಕೆಳಗಿನದನ್ನು ಮುಚ್ಚುತ್ತದೆ. ಕಬ್ಬಿಣದ ಆಕ್ಸೈಡ್‌ನ ಪುಡಿಗಳೂ ಹಾಗೆಯೇ. ನಿಮ್ಮ ಊರಿನ ಕಡೆ, ಸಾಗರದ ಸುತ್ತಮುತ್ತ ಹಸೆ ಚಿತ್ತಾರದ ಗೋಡೆಗೆ ಕೆಮ್ಮಣ್ಣು ಬಳಿಯುವುದನ್ನು ನೋಡಿರುತ್ತೀರಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್‌ನದೇ. ಅದನ್ನು ಬಳಿದ ಮೇಲೆ ಹಳೆಯ ಗೋಡೆ ಕಾಣುವುದಿಲ್ಲ.

ಆದರೆ ಕೆಮ್ಮಣ್ಣಿನ ಕೆಂಪು ಮಂಕು. ರಕ್ತದಂಥ, ದಾಸವಾಳದಂಥ ಕೆಂಪು ಬೇಕೆಂದರೆ ಕಾರ್ಖಾನೆಯಲ್ಲಿ ಮಾಡಿದ ಸಾವಯವ ಪಿಗ್ಮೆಂಟ್ ಬೇಕು. ನಾಫ್ಥಾಲ್, ಪಿರೋಲ್ ಅನ್ನುವ ಜಾತಿಯವು. ಇವುಗಳಲ್ಲಿ ಬಹಳಷ್ಟರ ಕಣ ತೀರಾ ಸಣ್ಣದು, ಬೆಳಕು ಸುಲಭವಾಗಿ ಒಳಗೆ ದಾಟಿ ಹೋಗುತ್ತದೆ. ಕೆಳಗಿರುವುದು ಕಪ್ಪಾದರೆ ಕಪ್ಪೇ ಕಾಣುತ್ತದೆ. ಹಳದಿಯದೂ ಇದೇ ಕಥೆ. ಅರಿಶಿನ ನೀರನ್ನು ಬಿಳಿ ಪಂಚೆಯ ಮೇಲೆ ಚೆಲ್ಲಿದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ, ಕರಿ ಕಂಬಳಿಯ ಮೇಲೆ ಚೆಲ್ಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇಸ್ ಬಣ್ಣ ಮಾಡುವವರು ಪಿಗ್ಮೆಂಟ್ ಜಾಸ್ತಿ ತುಂಬುತ್ತಾರೆ, ಇಲ್ಲವೇ ಮುಚ್ಚುವ ಗುಣದ ಇನ್ನೊಂದು ಪುಡಿಯನ್ನು ಸೇರಿಸುತ್ತಾರೆ. ಹಾಗಾಗಿ ಬಾಟಲಿಯಲ್ಲಿ ಒಂದೇ ಥರ ಕಾಣುವ ಎರಡು ಕೆಂಪುಗಳ ಒಳಗಿನ ಅಡುಗೆ ಬೇರೆ ಬೇರೆ ಇರಬಹುದು.

ಬಾಟಲಿಯಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಹಸಿ ಅಕ್ರಿಲಿಕ್‌ನಲ್ಲಿ ಅಂಟು ಹಾಲಿನ ಹಾಗೆ ಬಿಳಿಚಿಕೊಂಡಿರುತ್ತದೆ. ನೀರು ಆರಿದಂತೆ ಅದು ತಿಳಿಯಾಗುತ್ತದೆ, ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ. ಎಷ್ಟು ಗಾಢ ಅನ್ನುವುದು ಆಯಾ ಕಂಪನಿಯ ಅಂಟಿಗೆ ಬಿಟ್ಟಿದ್ದು. ಮುಚ್ಚಳದ ಮೇಲಿನ ಬಣ್ಣ, ಲೇಬಲ್‌ನಲ್ಲಿ ಮುದ್ರಿಸಿದ ಬಣ್ಣ, ಮೊಬೈಲ್ ಪರದೆಯ ಚೌಕ, ಇವು ಅದಕ್ಕಿಂತಲೂ ದೂರದವು.

ಹೆಸರನ್ನೂ ನಂಬಬೇಡಿ. 2012ರಲ್ಲಿ ಸಿಟಡೆಲ್‌ನ ಹೆಸರುಗಳು ಬದಲಾದಾಗ ಮೆಕ್‌ರೈಟ್ ರೆಡ್ ಜಾಗಕ್ಕೆ ಮೆಫಿಸ್ಟನ್ ರೆಡ್ ಬಂತು, ಬಡಾಬ್ ಬ್ಲ್ಯಾಕ್ ಜಾಗಕ್ಕೆ ನುಲ್ನ್ ಆಯಿಲ್, ಡೆವ್ಲನ್ ಮಡ್ ಜಾಗಕ್ಕೆ ಅಗ್ರಾಕ್ಸ್ ಅರ್ಥ್‌ಶೇಡ್. ಒಂದೇ ಕಂಪನಿ ಒಂದರ ಜಾಗಕ್ಕೆ ಇನ್ನೊಂದನ್ನು ತಂದದ್ದು. ಆದರೂ ಡೆವ್ಲನ್ ಮಡ್‌ನಲ್ಲಿ ಪಳಗಿದವರನ್ನು ಕೇಳಿ, ಅಗ್ರಾಕ್ಸ್ ಅದಲ್ಲ ಅಂತಲೇ ಹೇಳುತ್ತಾರೆ. ನುಲ್ನ್ ಆಯಿಲ್ ಮತ್ತೆ 2022ರಲ್ಲಿ ಹೊಸ ಸೂತ್ರದಲ್ಲಿ ಬಂತು. ಸ್ಪೇನ್‌ನ ವಯೆಹೊ ಕಂಪನಿ ಕೂಡ ತನ್ನ ಗೇಮ್ ಕಲರ್ ಸಾಲನ್ನು ಈಚೆಗೆ ಹೊಸ ಸೂತ್ರಕ್ಕೆ ಬದಲಿಸಿದೆ. ಹೀಗಾಗಿ ಹತ್ತು ವರ್ಷ ಹಳೆಯ ಹೋಲಿಕೆ ಪಟ್ಟಿಯಲ್ಲಿ ಇರುವ ಎರಡು ಹೆಸರುಗಳೂ ಇವತ್ತು ಅಂಗಡಿಯಲ್ಲಿ ಸಿಗಬಹುದು, ಆದರೆ ಅವತ್ತು ಪಟ್ಟಿ ಮಾಡಿದವರು ನೋಡಿದ ಬಣ್ಣಗಳು ಅವಲ್ಲ. ನಾನು ಪಟ್ಟಿಯನ್ನು ಬಳಸುವುದೇ ಇಲ್ಲ ಅಂತಲ್ಲ. ನೂರು ಬಾಟಲಿಗಳ ಮುಂದೆ ನಿಂತಾಗ ಅದನ್ನು ಮೂರು ಬಾಟಲಿಗೆ ಇಳಿಸಲು ಪಟ್ಟಿ ಬೇಕು. ಆ ಮೂರರಲ್ಲಿ ಒಂದನ್ನು ಆರಿಸುವ ಕೆಲಸ ನಿಮ್ಮ ಕಣ್ಣಿನದು.

ಇನ್ನು ಬೆಳಕು. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡುವಾಗ ನಮ್ಮ ಅಮ್ಮಂದಿರು ಎರಡೂ ಬಟ್ಟೆ ಹಿಡಿದು ಬಾಗಿಲ ಹತ್ತಿರ ಹೋಗಿ ಹೊರಗಿನ ಬೆಳಕಿನಲ್ಲಿ ನೋಡುತ್ತಾರೆ. ಅವರು ಮಾಡುವುದು ಅಪ್ಪಟ ವಿಜ್ಞಾನ. ಬೇರೆ ಬೇರೆ ಪಿಗ್ಮೆಂಟ್‌ನಿಂದ ಮಾಡಿದ ಎರಡು ಬಣ್ಣ ಒಂದು ದೀಪದ ಕೆಳಗೆ ಒಂದೇ ಆಗಿ ಕಂಡು, ಬಿಸಿಲಿನಲ್ಲಿ ಬೇರೆಯಾಗುತ್ತವೆ. ಇದಕ್ಕೆ ಮೆಟಾಮೆರಿಸಂ ಅಂತ ಹೆಸರು.

ಇದನ್ನು ನಾನು ಕಲಿತದ್ದು ಬೇರೆಯವರಿಗೆ ದುಡ್ಡಿಗೆ ಬಣ್ಣ ಹಚ್ಚಿಕೊಡಲು ಶುರು ಮಾಡಿದ ಹೊಸದರಲ್ಲಿ. ಒಬ್ಬರಿಗೆ ನಲವತ್ತು ಗೊಂಬೆ ಹಸಿರು ಕೋಟಿನಲ್ಲಿ ಮಾಡಿಕೊಟ್ಟಿದ್ದೆ. ಆರು ತಿಂಗಳು ಬಿಟ್ಟು ಇನ್ನೂ ಹತ್ತು ಕೇಳಿದರು. ಮೊದಲಿನ ಹಸಿರು ಮುಗಿದಿತ್ತು, ಬೇರೆ ಬ್ರ್ಯಾಂಡಿನದನ್ನು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕೂತು ಹೊಂದಿಸಿದೆ. ಹೊಂದಿಯೂ ಹೊಂದಿತು. ಅವರು ಐವತ್ತನ್ನೂ ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ಕಳಿಸಿದರು. ನನ್ನ ಹತ್ತು ಗೊಂಬೆಗಳು ನೀಲಿ ಹಸಿರಾಗಿ, ಬೇರೆ ಊರಿನಿಂದ ಬಂದವರ ಹಾಗೆ ನಿಂತಿದ್ದವು. ಅವರು ಏನೂ ಅನ್ನಲಿಲ್ಲ. ನಾನೇ ಹತ್ತನ್ನೂ ವಾಪಸ್ ತರಿಸಿ ಮತ್ತೆ ಹಚ್ಚಿದೆ. ಅವತ್ತಿನಿಂದ ಕಿಟಕಿ ಬೆಳಕಿನಲ್ಲಿ ನೋಡದೆ ಯಾವ ಬಣ್ಣಕ್ಕೂ ಹೂಂ ಅಂದಿಲ್ಲ. ರಾತ್ರಿ ಕೆಲಸಕ್ಕೆ ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಹಾಕಿಕೊಳ್ಳಿ. ಆ ಅಂಕಿ ಬಲ್ಬಿನ ಡಬ್ಬದ ಮೇಲೆ ಇರುತ್ತದೆ.

ಪರೀಕ್ಷೆ ಮಾಡುವುದು ಹೇಗೆ? ನನ್ನ ಮೇಜಿನ ಕೆಳಗೆ ಒಂದು ಚಪ್ಪಲಿ ಡಬ್ಬ ಇದೆ, ಅದರ ತುಂಬ ಬಿಳಿ ಪ್ಲಾಸ್ಟಿಕ್ ಚಮಚಗಳು. ಚಮಚದ ಬೆನ್ನು ಗೊಂಬೆಯ ಭುಜದ ಹಾಗೆ ಉಬ್ಬಿರುತ್ತದೆ, ನೆರಳು ಬೆಳಕು ಸರಿಯಾಗಿ ತೋರಿಸುತ್ತದೆ. ಚಮಚಕ್ಕೆ ಗೊಂಬೆಗೆ ಹಾಕಿದ ಪ್ರೈಮರ್ ಅನ್ನೇ ಹಾಕಿ. ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆಯಿರಿ. ಅದರ ಮೇಲೆ ಹೊಸ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ, ಮೊದಲನೆಯದು ಪೂರ್ತಿ ಆರಿದ ಮೇಲೆಯೇ ಎರಡನೆಯದು. ಆ ಬಿಳಿ ಗೆರೆ ಎಷ್ಟು ಕಡಿಮೆ ಕಾಣುತ್ತದೆಯೋ ಬಣ್ಣದ ಮುಚ್ಚುವ ಶಕ್ತಿ ಅಷ್ಟು ಜಾಸ್ತಿ. ನಂತರ ಚಮಚದ ಅರ್ಧಕ್ಕೆ ಮಾತ್ರ ನೀವು ಕೊನೆಗೆ ಬಳಸುವ ವಾರ್ನಿಷ್ ಹಚ್ಚಿ. ಹಿಡಿಯ ಮೇಲೆ ಕಂಪನಿ, ಸಂಖ್ಯೆ, ತಾರೀಕು ಬರೆಯಿರಿ. ಆಮೇಲೆ ಮುಗಿದ ಗೊಂಬೆಯನ್ನು ಪಕ್ಕದಲ್ಲಿ ಹಿಡಿದು, ಬೆಳಿಗ್ಗೆ ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿಯಲ್ಲಿ ನೋಡಿ. ಎರಡನ್ನೂ ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡುವುದೂ ಒಳ್ಳೆಯದು. ಬಣ್ಣ ತುಸು ಆಚೀಚೆ ಆದರೂ ಕಣ್ಣು ಕ್ಷಮಿಸುತ್ತದೆ. ತಿಳಿ ಗಾಢದಲ್ಲಿ ವ್ಯತ್ಯಾಸ ಬಂದರೆ ಮೂರಡಿ ದೂರದಿಂದಲೂ ಗೊತ್ತಾಗುತ್ತದೆ. ಕಪ್ಪು ಬಿಳುಪು ಫೋಟೋದಲ್ಲಿ ಕಾಣುವುದು ಆ ತಿಳಿ ಗಾಢವೇ.

ಈಗ ನಿಮ್ಮ ಎಂಟು ಸೈನಿಕರಿಗೆ ಬರೋಣ.

ಎಲ್ಲಕ್ಕಿಂತ ಮೊದಲು ನೀವು ತಂದ ಕೆಂಪಿನ ಬಾಟಲಿಯನ್ನು ಎರಡು ನಿಮಿಷ ಜೋರಾಗಿ ಅಲ್ಲಾಡಿಸಿ. ಇದು ಸಣ್ಣ ಮಾತು ಅಂತ ದಾಟಿಸಬೇಡಿ. ಮ್ಯಾಟ್ ಬಣ್ಣದ ಹೊಳಪು ಕಡಿಮೆ ಮಾಡುವುದು ಅದರೊಳಗಿನ ನುಣ್ಣನೆಯ ಒಂದು ಪುಡಿ. ಬಾಟಲಿ ಸುಮ್ನೆ ನಿಂತಿದ್ದರೆ ಆ ಪುಡಿ ತಳಕ್ಕೆ ಇಳಿಯುತ್ತದೆ, ಮೇಲಿನಿಂದ ಬರುವ ಹನಿಯಲ್ಲಿ ಅಂಟೇ ಜಾಸ್ತಿ. ಹೊಳಪು, ಮುಚ್ಚದೇ ಇರುವುದು, ಎರಡಕ್ಕೂ ಎಷ್ಟೋ ಸಲ ಇಷ್ಟೇ ಕಾರಣ. ಸಾಧ್ಯವಾದರೆ ಬಾಟಲಿಯೊಳಗೆ ಒಂದು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ. ಸಾದಾ ಕಬ್ಬಿಣದ್ದು ಬೇಡ, ತುಕ್ಕು ಹಿಡಿದು ಬಣ್ಣ ಕೆಡುತ್ತದೆ.

ಆಮೇಲೂ ಕಪ್ಪು ಇಣುಕಿದರೆ ಮೂರನೇ, ನಾಲ್ಕನೇ ಪದರ ಹಾಕುತ್ತಾ ಹೋಗಬೇಡಿ. ಮುಖದ ಗೆರೆ, ಗುಂಡಿ, ಬೆಲ್ಟಿನ ಕೊಕ್ಕೆ ಎಲ್ಲ ತುಂಬಿಹೋಗುತ್ತವೆ. ಅದರ ಬದಲು ಕಪ್ಪಿನ ಮೇಲೆ ಮೊದಲು ಕೆಮ್ಮಣ್ಣಿನ ಬಣ್ಣದ ಒಂದು ಪದರ ಹಾಕಿ. ವಯೆಹೊ ಮಾಡೆಲ್ ಕಲರ್‌ನಲ್ಲಿ ಕ್ಯಾವಲ್ರಿ ಬ್ರೌನ್, 70.982, ಈ ಕೆಲಸಕ್ಕೆ ನನಗೆ ಒಗ್ಗಿದೆ. ಕೆಂಪು ಕಡೆಗೆ ವಾಲುವ ಯಾವುದೇ ಕಂದು ಆಗುತ್ತದೆ. ಅದರ ಮೇಲೆ ನಿಮ್ಮ ಕೆಂಪು ಎರಡು ತೆಳು ಪದರದಲ್ಲಿ ಕೂರುತ್ತದೆ. ಹೊಸ ಡಬ್ಬಿ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ನನಗೆ ಬರುವ ಇಂಥ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಕಿತ್ತಳೆ ವಾಲನ್ನು ತೆಗೆಯಲು ತಣ್ಣನೆಯ ಕೆಂಪು ಬೇಕು. ನಾಲ್ಕು ಹನಿ ನಿಮ್ಮ ಕೆಂಪಿಗೆ ಒಂದು ಹನಿ ಕಾರ್ಮೈನ್ ರೆಡ್, ವಯೆಹೊದಲ್ಲಿ 70.908, ಇಲ್ಲಿಂದ ಶುರು ಮಾಡಿ. ಇನ್ನೂ ಪ್ರಖರವಾಗಿ ಕಂಡರೆ ಗುಂಡುಸೂಜಿಯ ತುದಿಯಷ್ಟು ಗಾಢ ಹಸಿರು ಸೇರಿಸಿ. ಕೆಂಪಿಗೆ ಹಸಿರು ಎದುರಿನ ಬಣ್ಣ, ಪ್ರಖರತೆಯನ್ನು ಮೆತ್ತಗೆ ಇಳಿಸುತ್ತದೆ. ಕಪ್ಪು ಹಾಕುವ ಆಸೆ ಬರುತ್ತದೆ, ಹಾಕಬೇಡಿ, ಕೆಂಪು ಸತ್ತು ಕಂದಾಗುತ್ತದೆ. ಬಿಳಿ ಹಾಕಿದರೆ ಗುಲಾಬಿ. ಮಿಶ್ರಣವನ್ನು ಎಂಟಕ್ಕೂ ಸಾಕಾಗುವಷ್ಟು ಒಂದೇ ಸಲ, ಖಾಲಿ ಡ್ರಾಪರ್ ಬಾಟಲಿಯಲ್ಲಿ ಮಾಡಿಕೊಳ್ಳಿ. ಪ್ಯಾಲೆಟ್ ಮೇಲೆ ದಿನಾ ಹೊಸದಾಗಿ ಬೆರೆಸಿದರೆ ಎಂಟು ಸೈನಿಕರು ಎಂಟು ಕೆಂಪಿನಲ್ಲಿ ಬರುತ್ತಾರೆ. ಒಂದು ಎಚ್ಚರಿಕೆ: ಬ್ರ್ಯಾಂಡ್ ದಾಟಿ ಬೆರೆಸುವಾಗ ಎರಡೂ ನೀರಿನ ಅಕ್ರಿಲಿಕ್ ಆಗಿರಬೇಕು. ಜಪಾನಿನ ಟಮಿಯಾ ಅಕ್ರಿಲಿಕ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಅದನ್ನು ವಯೆಹೊ ಜೊತೆ ಬೆರೆಸಿದರೆ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತದೆ. ಒಂದು ಪೂರ್ತಿ ಆರಿದ ಮೇಲೆ ಇನ್ನೊಂದನ್ನು ಹಚ್ಚಬಹುದು, ಹಸಿಯಾಗಿ ಬೆರೆಸಬಾರದು.

ಇಷ್ಟು ಮಾಡಿದರೂ ಹನ್ನೆರಡು ಮತ್ತು ಎಂಟರ ನಡುವೆ ಒಂದು ಕೂದಲೆಳೆಯ ವ್ಯತ್ಯಾಸ ಉಳಿಯಬಹುದು. ಅದನ್ನು ಅಳಿಸಲು ನಾನು ಮಾಡುವುದು ಹೀಗೆ. ಎಂಟನ್ನೂ ಬೇಸ್ ಹಂತಕ್ಕೆ ತಂದು ನಿಲ್ಲಿಸುತ್ತೇನೆ. ನಂತರ ಗ್ಲೇಜ್ ಮೀಡಿಯಂನಲ್ಲಿ (ಬಣ್ಣದ ಪುಡಿ ಇಲ್ಲದ, ತೆಳು ಮಾಡುವ ಅಂಟು) ಹೊಸ ಕೆಂಪನ್ನು ಬಹಳ ತೆಳು ಮಾಡಿ, ನೀರು ಹಾಕಿದ ಮಜ್ಜಿಗೆಗಿಂತಲೂ ತೆಳು, ಇಪ್ಪತ್ತಕ್ಕೂ ಒಂದು ಕೈ ಎಳೆಯುತ್ತೇನೆ. ಮುಗಿದ ಹನ್ನೆರಡಕ್ಕೂ. ಮೇಲಿನ ಹೈಲೈಟ್ ಗೆರೆಗಳನ್ನು (ಬೆಳಕು ಬಿದ್ದಂತೆ ತೋರಿಸುವ ತಿಳಿ ಗೆರೆಗಳು) ಇಪ್ಪತ್ತಕ್ಕೂ ಒಂದೇ ಡಬ್ಬಿಯಿಂದ, ಒಂದೇ ದಿನ ಮತ್ತೆ ಎಳೆಯುತ್ತೇನೆ. ಕೊನೆಗೆ ಎಲ್ಲಕ್ಕೂ ಒಂದೇ ಮ್ಯಾಟ್ ವಾರ್ನಿಷ್. ಕಣ್ಣು ಮೊದಲು ಹಿಡಿಯುವುದು ಎಲ್ಲಕ್ಕಿಂತ ಮೇಲಿನ ಪದರವನ್ನು ಮತ್ತು ಹೊಳಪನ್ನು. ಅವೆರಡೂ ಒಂದೇ ಆದರೆ ಕೆಳಗಿನ ಸಣ್ಣ ಭೇದ ಮುಳುಗಿಹೋಗುತ್ತದೆ. ಇದರಲ್ಲಿ ಅಪಾಯವೂ ಇದೆ. ಮುಗಿದ ಗೊಂಬೆಗಳನ್ನು ಮತ್ತೆ ಮುಟ್ಟುತ್ತಿದ್ದೀರಿ, ಹಳೆಯ ಹೈಲೈಟ್ ಮಂಕಾಗುತ್ತದೆ. ಹನ್ನೆರಡರಲ್ಲಿ ನಿಮಗೆ ಅಷ್ಟಾಗಿ ಇಷ್ಟವಿಲ್ಲದ ಒಂದರ ಮೇಲೆ ಮೊದಲು ಮಾಡಿ ನೋಡಿ.

ಮುಟ್ಟಲು ಮನಸ್ಸಿಲ್ಲದಿದ್ದರೆ ಎಂಟನ್ನು ಬೇರೆ ತುಕಡಿ ಮಾಡಿಬಿಡಿ. ಭುಜಪಟ್ಟಿಗೆ ಬೇರೆ ಬಣ್ಣ, ತಳದ ಅಂಚಿಗೆ ಬೇರೆ ಗೆರೆ. ಬೇಕೆಂದೇ ಮಾಡಿದ್ದು ಅಂತ ಗೊತ್ತಾದರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಇನ್ನು ಅಸಲಿ ಮೆಫಿಸ್ಟನ್ ರೆಡ್ ತರಿಸುವ ದಾರಿ ಇದ್ದೇ ಇದೆ. ದಳ ಮುಂದೆ ಅರವತ್ತಕ್ಕೆ ಬೆಳೆಯುತ್ತದೆ ಅಂತಿದ್ದರೆ ನಾನು ಅದನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಗೆಳೆಯರು ಯಾರಾದರೂ ತರಿಸುವಾಗ ಒಟ್ಟಿಗೆ ಎರಡು ಡಬ್ಬಿ ಸೇರಿಸಿದರೆ ಸಾಗಣೆ ಹಂಚಿಕೆಯಾಗುತ್ತದೆ. ಬರೀ ಎಂಟು ಗೊಂಬೆಗಾಗಿ ಬೇಡ. 12 ಮಿ.ಲೀ. ಡಬ್ಬಿಯಲ್ಲಿ ಎಂಟು ಕೋಟು ಮುಗಿದರೂ ಬಹಳ ಉಳಿದು, ಮುಚ್ಚಳ ಸರಿಯಾಗಿ ಕೂರದೆ ಒಣಗಿಹೋಗುವ ಸಂಭವವೇ ಜಾಸ್ತಿ.

ನುಲ್ನ್ ಆಯಿಲ್ ವಿಷಯ. ಕಪ್ಪಿಗೆ ನೀರು ಬೆರೆಸಿದರೆ ವಾಶ್ (ನೆರಳು ಮೂಡಿಸುವ ತೆಳು ಬಣ್ಣ) ಆಗುತ್ತದೆ ಅನ್ನುವುದು ಎಲ್ಲರೂ ಒಮ್ಮೆ ನಂಬುವ ಮಾತು. ನೀರು ಜಾಸ್ತಿಯಾದಾಗ ಅಂಟು ತೆಳುವಾಗಿ ಪುಡಿಯನ್ನು ಹಿಡಿಯಲಾರದು. ಹನಿ ಉಬ್ಬಿದ ಜಾಗದಲ್ಲೇ ನಿಂತು, ಅಂಚಿನಿಂದ ಒಣಗುತ್ತಾ ಬಂದು, ಪುಡಿಯನ್ನೆಲ್ಲ ಅಂಚಿಗೆ ತಳ್ಳುತ್ತದೆ. ಮೇಜಿನ ಮೇಲೆ ಕಾಫಿ ಲೋಟ ಇಟ್ಟ ಜಾಗದಲ್ಲಿ ಉಂಗುರ ಬೀಳುತ್ತದಲ್ಲ, ಅದೇ ಕಲೆ. ವಾಶ್‌ಗೆ ಬೇಕಾದದ್ದು ತಗ್ಗು ಗುಂಡಿಗೆ ಇಳಿಯುವ ಗುಣ, ಅದನ್ನು ಮೀಡಿಯಂ ಕೊಡುತ್ತದೆ. ಒಂದು ಪಾಲು ಮ್ಯಾಟ್ ಮೀಡಿಯಂ, ಒಂದು ಪಾಲು ನೀರು, ಕೆಲವೇ ಹನಿ ಕಪ್ಪು ಅಕ್ರಿಲಿಕ್ ಇಂಕ್, ಇದ್ದರೆ ಒಂದು ಹನಿ ಫ್ಲೋ ಇಂಪ್ರೂವರ್ (ಬಣ್ಣ ಸಲೀಸಾಗಿ ಹರಿಯಲು ಬೆರೆಸುವ ದ್ರವ). ಫೌಂಟನ್ ಪೆನ್ನಿನ ಇಂಕ್ ಬೇಡ. ಅದರಲ್ಲಿ ಇರುವುದು ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಡೈ, ನೀರು ತಾಗಿದರೆ ಎದ್ದು ಬರುತ್ತದೆ, ಬೆಳಕಿಗೆ ಮಾಸುತ್ತದೆ. ಸಿದ್ಧ ವಾಶ್ ಬೇಕೆಂದರೆ ಡೆನ್ಮಾರ್ಕ್‌ನ ಆರ್ಮಿ ಪೇಂಟರ್‌ನಲ್ಲಿ ಡಾರ್ಕ್ ಟೋನ್ ನುಲ್ನ್ ಆಯಿಲ್‌ಗೆ ಹತ್ತಿರ, ಸ್ಟ್ರಾಂಗ್ ಟೋನ್ ಅಗ್ರಾಕ್ಸ್‌ಗೆ ಹತ್ತಿರ. ವಾಶ್‌ನಲ್ಲಿ ಬ್ರ್ಯಾಂಡ್ ಬದಲಿಸುವುದು ಕೆಂಪಿನಷ್ಟು ಕಷ್ಟವಲ್ಲ. ಗುಂಡಿಯೊಳಗಿನ ನೆರಳಿನಲ್ಲಿ ಸಣ್ಣ ವ್ಯತ್ಯಾಸವನ್ನು ಯಾರೂ ಹುಡುಕುವುದಿಲ್ಲ. ಕಲೆಯಾದ ನಿಮ್ಮ ಗೊಂಬೆಯನ್ನು ಎಸೆಯಬೇಡಿ. ಉಬ್ಬಿದ ಭಾಗಗಳಿಗೆ ಮತ್ತೆ ಬೇಸ್ ಕೆಂಪು ಹಚ್ಚಿ, ಗುಂಡಿಗಳಲ್ಲಿ ಕಪ್ಪು ಹಾಗೆಯೇ ಬಿಡಿ. ಬಹುಶಃ ಅದೇ ಎಂಟರಲ್ಲಿ ಚೆಂದದ್ದಾಗುತ್ತದೆ.

ಮುಂದೆ ಬೇಕಾಗುತ್ತದೆ ಅಂತ ಎರಡು ಮಾತು ಸೇರಿಸುತ್ತೇನೆ. ಲೋಹದ ಬಣ್ಣದಲ್ಲಿ ಬದಲಿ ಹುಡುಕುವಾಗ ಕಣದ ಗಾತ್ರ ನೋಡಿ. ಒಂದರಲ್ಲಿ ಅಭ್ರಕದ ಪುಡಿ ಮಿನುಗುತ್ತದೆ, ಇನ್ನೊಂದರಲ್ಲಿ ನುಣ್ಣನೆಯ ಅಲ್ಯೂಮಿನಿಯಂ ಕನ್ನಡಿಯ ಹಾಗೆ ಮಲಗುತ್ತದೆ. ಎರಡನ್ನೂ ಒಂದೇ ದಳದಲ್ಲಿ ಬೆರೆಸಿದರೆ ತಕ್ಷಣ ಗೊತ್ತಾಗುತ್ತದೆ. 2019ರಲ್ಲಿ ಸಿಟಡೆಲ್ ತಂದ, ಒಂದೇ ಪದರದಲ್ಲಿ ಬಣ್ಣ ಮತ್ತು ನೆರಳು ಎರಡನ್ನೂ ಕೊಡುವ ಕಾಂಟ್ರಾಸ್ಟ್ ಜಾತಿಯ ಬಣ್ಣಕ್ಕೆ ಸಾದಾ ಬಣ್ಣ ಬದಲಿಯಲ್ಲ. ಅದಕ್ಕೆ ಅದೇ ಜಾತಿಯದು ಬೇಕು, ಉದಾಹರಣೆಗೆ ಆರ್ಮಿ ಪೇಂಟರ್‌ನ ಸ್ಪೀಡ್‌ಪೇಂಟ್ ಅಥವಾ ವಯೆಹೊದ ಎಕ್ಸ್‌ಪ್ರೆಸ್ ಕಲರ್. ಹಳೆಯ ಸ್ಪೀಡ್‌ಪೇಂಟ್ ಸೆಟ್ ಸಿಕ್ಕರೆ ಮೊದಲು ಚಮಚದ ಮೇಲೆ ನೋಡಿ. ಅದರ ಮೊದಲ ಆವೃತ್ತಿ ಒಣಗಿದ ಮೇಲೂ ನೀರಿನ ಬ್ರಷ್ ತಾಗಿದರೆ ಎದ್ದು ಬರುತ್ತಿತ್ತು. 2.0 ಎಂಬ ಆವೃತ್ತಿಯಲ್ಲಿ ಅದನ್ನು ಸರಿ ಮಾಡಿದ್ದಾರೆ.

ಇತಿಹಾಸದ ಟ್ಯಾಂಕು, ವಿಮಾನ ಮಾಡುವವರು ಸಂಖ್ಯೆ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕುಗಳ ಡುಂಕೆಲ್‌ಗೆಲ್ಬ್ (ಗಾಢ ಹಳದಿ) ಅನ್ನು ಈಗ ಜರ್ಮನಿಯ ಬಣ್ಣ ಸಂಖ್ಯೆಗಳ ಪದ್ಧತಿಯಲ್ಲಿ ಆರ್‌ಎಎಲ್ 7028 ಅಂತ ಗುರುತಿಸುತ್ತಾರೆ. 1943ರಿಂದ ಆ ಹಳದಿ ಬಳಕೆಗೆ ಬಂತು. ಐದು ಕಂಪನಿಗಳ ಬಾಟಲಿ ತಂದರೆ ಐದು ಹಳದಿ ಕಾಣುತ್ತವೆ. ಯುದ್ಧದ ಮೈದಾನದಲ್ಲೂ ಮರೆಮಾಚುವ ಬಣ್ಣದ ಗಟ್ಟಿ ಪೇಸ್ಟನ್ನು ಪೆಟ್ರೋಲ್‌ನಲ್ಲೋ ನೀರಿನಲ್ಲೋ ಕದಡಿ ಬಳಿಯುತ್ತಿದ್ದರು, ಒಂದು ಟ್ಯಾಂಕಿನಂತೆ ಇನ್ನೊಂದು ಇರಲಿಲ್ಲ.

ಕ್ಯಾಮೆಲ್, ಫೆವಿಕ್ರಿಲ್ ಬಗ್ಗೆ ಕೇಳಿದ್ದೀರಿ. ಕಂಪನಿಗಿಂತ ಬಾಟಲಿಯ ಮೇಲೆ ಯಾವ ಜಾತಿಯ ಬಣ್ಣ ಅಂತ ಬರೆದಿದೆ ಅನ್ನುವುದು ಮುಖ್ಯ. ಪೋಸ್ಟರ್ ಕಲರ್ ಬೇಡ, ಒಣಗಿದ ಮೇಲೂ ಒದ್ದೆ ಬೆರಳಿಗೆ ಅಂಟಿಕೊಂಡು ಬರುತ್ತದೆ. ಬಟ್ಟೆಗೆ ಹಚ್ಚುವ ಬಣ್ಣದ ಅಂಟು ಬಟ್ಟೆ ಮಡಚಿದಾಗ ಬಿರುಕು ಬಿಡಬಾರದು ಅಂತ ಮೆತ್ತಗೆ ಇರುತ್ತದೆ. ದೊಡ್ಡ ಗೊಂಬೆಗೆ, ಆಟದ ಮೈದಾನದ ಗುಡ್ಡ ಬಂಡೆಗಳಿಗೆ ಧಾರಾಳವಾಗಿ ಬಳಸಿ, 28 ಮಿ.ಮೀ. ಮುಖಕ್ಕೆ ಬೇಡ. ಕಲಾವಿದರಿಗಾಗಿ ಮಾಡಿದ ಅಕ್ರಿಲಿಕ್ ಟ್ಯೂಬ್‌ಗಳು ಮಾತ್ರ ಬಹಳ ಉಪಯೋಗ. ಒಳ್ಳೆಯ ಟ್ಯೂಬ್‌ನ ಮೇಲೆ ಪಿಗ್ಮೆಂಟ್ ಸಂಖ್ಯೆ ಇರುತ್ತದೆ. ಪಿಆರ್ 101 ಅಂದರೆ ಕಬ್ಬಿಣದ ಕೆಂಪು, ಯಾವ ದೇಶದ ಟ್ಯೂಬ್ ಆದರೂ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿ. ಪಿಬಿ 15 ಅಂದರೆ ಥ್ಯಾಲೋ ನೀಲಿ, ಬೆರೆಸುವಾಗ ಒಂದು ಹನಿ ಜಾಸ್ತಿಯಾದರೆ ಎಲ್ಲವನ್ನೂ ನುಂಗುತ್ತದೆ. ಮಿನಿಯೇಚರ್ ಬಣ್ಣದ ಬಾಟಲಿಗಳಲ್ಲಿ ಹೆಚ್ಚಿನವು ಈ ಸಂಖ್ಯೆಯನ್ನು ಹೇಳುವುದಿಲ್ಲ. ನೀವು ನಾಲ್ಕೈದು ಟ್ಯೂಬ್ ಇಟ್ಟುಕೊಂಡರೆ ಯಾವ ಬ್ರ್ಯಾಂಡಿನ ಬಣ್ಣವನ್ನಾದರೂ ಬೇಕಾದ ಕಡೆಗೆ ಎಳೆಯಬಹುದು. ಟ್ಯೂಬ್ ಬಣ್ಣ ಗಟ್ಟಿ ಮತ್ತು ಹೊಳಪು, ಮ್ಯಾಟ್ ಮೀಡಿಯಂ ಸೇರಿಸಿ ಇಳಿಸಿಕೊಳ್ಳಿ. ಟ್ಯೂಬ್ ಮೇಲೆ ಕ್ಯಾಡ್ಮಿಯಂ (ಒಂದು ವಿಷಕಾರಿ ಲೋಹ) ಅಂತ ಇದ್ದರೆ ಏರ್‌ಬ್ರಷ್‌ಗೆ ಹಾಕಬೇಡಿ, ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಯಾವ ಬಣ್ಣವಾದರೂ.

ಕೊನೆಯ ವಾರ್ನಿಷ್‌ಗೆ ಸ್ಪ್ರೇ ಬಳಸುವಿರಾದರೆ ಮಳೆ ಹಿಡಿದ ದಿನ ಬೇಡವೇ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮ್ಯಾಟ್ ಸ್ಪ್ರೇ ಬಿಳಿ ಮಂಜು ಕಟ್ಟುತ್ತದೆ, ಹೊಂದಿಸಿದ ಕೆಂಪೆಲ್ಲ ಬೂದಿ ಬಡಿದ ಹಾಗೆ ಆಗುತ್ತದೆ. ನಿಮ್ಮ ಮಲೆನಾಡಿನ ಆಷಾಢದಲ್ಲಿ ಬ್ರಷ್‌ನಲ್ಲಿ ಹಚ್ಚುವ ಮ್ಯಾಟ್ ವಾರ್ನಿಷ್ ಲೇಸು.

ಎಂಟನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದೇ ಒಂದನ್ನು ಕೆಮ್ಮಣ್ಣಿನ ಪದರದಿಂದ ವಾರ್ನಿಷ್‌ವರೆಗೆ ಮುಗಿಸಿ, ಹನ್ನೆರಡರ ನಡುವೆ ನಿಲ್ಲಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದು ಕಾಫಿ ಹಿಡಿದು ಕಿಟಕಿಯ ಬಳಿ ಬಂದಾಗ ಅದನ್ನು ಹುಡುಕಬೇಕಾಗಿ ಬಂದರೆ, ಉಳಿದ ಏಳಕ್ಕೂ ಅದೇ ಬಾಟಲಿ ಎತ್ತಿಕೊಳ್ಳಿ. ಮಿಶ್ರಣದ ಅಳತೆಯನ್ನು ಬಾಟಲಿಯ ಮೇಲೆಯೇ ಬರೆದು ಅಂಟಿಸಿ, ಆ ಚಮಚವನ್ನೂ ಜೊತೆಗೆ ಕಟ್ಟಿಡಿ.